‘ಡಾಕ್‌ಲ್ಯಾಂಡ್ಸ್ ರೀಜನರೇಷನ್’: ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಲಂಡನ್ನಿನ ಹಳೆಯ ಬಂದರು ಪ್ರದೇಶವಾದ ಡಾಕ್‌ಲ್ಯಾಂಡ್ಸ್ ಕುರಿತ ಪಾಠವೊಂದನ್ನು ಬೆಂಗಳೂರಿನ ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತರುತ್ತಿದ್ದು, ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಡಾಕ್’. ಮೀನುದೋಣಿಗಳು ಬಂದು ನಿಲ್ಲುವ ಜಾಗವನ್ನು ಮಂಗಳೂರಿನವರು ‘ಧಕ್ಕೆ’ ಎನ್ನುತ್ತಾರೆ. ಬೆಂಗಳೂರಿನ ಓದುಗರಿಗೆ ಧಕ್ಕೆಯೆಂದರೆ ಹಾನಿ. ‘ಹಡಗುಕಟ್ಟೆ’ ಎಂದರೆ ದಡದ ಜಗಲಿ ಮಾತ್ರವಾದೀತೇ ಎಂದು ಮೊದಲು ಅನುಮಾನಿಸಿದ್ದೆ, ಏಕೆಂದರೆ 1802ರಲ್ಲಿ ತೆರೆದ ವೆಸ್ಟ್ ಇಂಡಿಯಾ ಡಾಕ್ಸ್ ಬರಿಯ ದಡವಲ್ಲ, ಥೇಮ್ಸ್ ನದಿಯ ಪಕ್ಕದಲ್ಲಿ ನೆಲ ಅಗೆದು, ಇಳಿತದ ಹೊತ್ತಿನಲ್ಲೂ ಹಡಗುಗಳು ತೇಲುತ್ತಿರಲೆಂದು ಬಾಗಿಲಿಟ್ಟು ನೀರು ಹಿಡಿದಿಟ್ಟ ಕೊಳಗಳು. ಆದರೆ ನಮ್ಮ ‘ಕೆರೆಕಟ್ಟೆ’ಯಲ್ಲಿರುವ ಕಟ್ಟೆಗೆ ಒಡ್ಡು ಎಂಬ ಅರ್ಥವೂ ಉಂಟು, ಒಡ್ಡು ತಡೆದು ನಿಲ್ಲಿಸಿದ ನೀರು ಎಂಬ ಅರ್ಥವೂ ಉಂಟು. ಆದ್ದರಿಂದ ಹಡಗುಕಟ್ಟೆಯೇ ಸರಿ ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ನಿಜವಾದ ತೊಡಕಿರುವುದು ಪಾಳುಬಿದ್ದ ಪ್ರದೇಶಕ್ಕೆ ಹೊಸ ಬದುಕು ತರುವುದೆಂಬ ಅರ್ಥದ ‘ರೀಜನರೇಷನ್’ ಎಂಬಲ್ಲಿ. ಇದಕ್ಕೆ ನಾವು ಬಳಸಬಹುದಾದ ಪದಗಳೆಲ್ಲ ಹಳೆಯದೇ ಮರಳಿತು ಎನ್ನುತ್ತವೆ. ಪುನರುಜ್ಜೀವನ ಪಡೆದ ಕೆರೆಗೆ ಮರಳುವುದು ನೀರೇ. ಜೀರ್ಣೋದ್ಧಾರವಾದ ಗುಡಿಯಲ್ಲಿ ಮುಂದುವರಿಯುವುದು ಪೂಜೆಯೇ. ಪತ್ರಿಕೆಗಳಿಗೆ ಪ್ರಿಯವಾದ ‘ಕಾಯಕಲ್ಪ’ದಲ್ಲಿಯೂ ದೇಹ ಹಳೆಯದೇ. ಲಂಡನ್ನಿನಲ್ಲಿ ಹಾಗಾಗಲಿಲ್ಲ. ಕಂಟೇನರ್ ಹಡಗುಗಳ ಕಾಲ ಬಂದು, ಸರಕು ಕಡಲಿಗೆ ಹತ್ತಿರದ ಟಿಲ್ಬರಿಗೆ ಸರಿದು, 1981ರ ಹೊತ್ತಿಗೆ ನಗರದೊಳಗಿನ ಹಡಗುಕಟ್ಟೆಗಳು ಮುಚ್ಚಿಹೋದವು. ಅದೇ ವರ್ಷ ಸರ್ಕಾರ ರಚಿಸಿದ ಅಭಿವೃದ್ಧಿ ನಿಗಮ 1998ರವರೆಗೆ ಕೆಲಸ ಮಾಡಿತು. 1987ರಲ್ಲಿ ಲಘು ರೈಲು ಬಂತು, ಕ್ಯಾನರಿ ವಾರ್ಫ್‌ನಲ್ಲಿ ಬ್ಯಾಂಕುಗಳ ಗೋಪುರಗಳೆದ್ದವು. ಕೊಳಗಳ ನೀರು ಬಹುಮಟ್ಟಿಗೆ ಉಳಿಯಿತಾದರೂ ಸರಕು ಹೊತ್ತ ಹಡಗುಗಳು ಮರಳಲಿಲ್ಲ, ಮೂಟೆ ಇಳಿಸುತ್ತಿದ್ದವರ ಕಸುಬೂ ಮರಳಲಿಲ್ಲ. ನಮ್ಮ ಬೆಂಗಳೂರಿನ ಬಿನ್ನಿ ಬಟ್ಟೆ ಮಿಲ್ಲಿನ ಜಾಗದಲ್ಲಿ ಎದ್ದಿರುವ ವಸತಿ ಸಮುಚ್ಚಯವನ್ನು ‘ಮಿಲ್ಲಿನ ಪುನರುಜ್ಜೀವನ’ ಎಂದು ಅಲ್ಲಿ ನೂಲು ಸುತ್ತಿದ ಹಿರಿಯರೆದುರು ಹೇಳಲು ನನಗಂತೂ ಬಾಯಿ ಬರುವುದಿಲ್ಲ.

‘ಪುನರಭಿವೃದ್ಧಿ’ ಎಂದರೆ ಕಟ್ಟಡಗಳಷ್ಟೇ ಕಣ್ಣಮುಂದೆ ಬರುತ್ತವೆ. ಮೂಲಪದವಾದರೋ ಉದ್ಯೋಗ, ವಸತಿ, ಸಾರಿಗೆ ಎಲ್ಲವನ್ನೂ ಒಳಗೊಳ್ಳುತ್ತದೆ. ಸದ್ಯಕ್ಕೆ ‘ಹಡಗುಕಟ್ಟೆ ಪ್ರದೇಶದ ಮರುರೂಪಣೆ’ ಎಂದು ಬರೆದಿಟ್ಟಿದ್ದೇನೆ. ಹಳೆಯದೇ ಮರಳಿತೆಂಬ ಸುಳ್ಳು ಇದರಲ್ಲಿಲ್ಲ, ಆದರೆ ಜನರ ಬದುಕಿನ ಸುಳಿವೂ ಇಲ್ಲ. ಕಾರ್ಖಾನೆಯೋ ಬಂದರೋ ಮುಚ್ಚಿದ ಮೇಲೆ ಆ ನೆಲ ಬೇರೊಂದು ಬಾಳುವೆಗೆ ಒಗ್ಗಿಕೊಂಡದ್ದನ್ನು ನಿಮ್ಮ ಕಡೆ ಯಾವ ಮಾತಿನಲ್ಲಿ ಹೇಳುತ್ತಾರೆ? ವಿಶೇಷವಾಗಿ ಕರಾವಳಿಯವರು ತಿಳಿಸಿದರೆ ಉಪಕಾರವಾಗುತ್ತದೆ.