ರಾಜೀನಾಮೆ ನಾವಾಗೇ ಕೊಡಬೇಕಂತೆ, ಏನು ಮಾಡ್ಲಿ?

ತುಮಕೂರು_ಟೆಸ್ಟರ್:
ಐಟಿ ಕಂಪನಿ ಕೆಲಸಕ್ಕೆ ತುಮಕೂರಿಂದ ದಿನಾ ರೈಲಲ್ಲಿ ಯಶವಂತಪುರಕ್ಕೆ ಹೋಗಿ ಬರೋನು ನಾನು. ಪ್ರಾಜೆಕ್ಟ್ ಮುಗಿದು ಬೆಂಚಲ್ಲಿದ್ದೆ, ಅಂದ್ರೆ ಮುಂದಿನ ಪ್ರಾಜೆಕ್ಟ್‌ಗೆ ಕಾಯ್ತಾ ಇದ್ದೆ. ಮೊನ್ನೆ ಎಚ್‌ಆರ್ ಕಾಲ್‌ಗೆ ಕರೆದ್ರು, ಮ್ಯಾನೇಜರ್ ಕ್ಯಾಮೆರಾನೇ ಆನ್ ಮಾಡ್ಲಿಲ್ಲ. "ಪೋರ್ಟಲ್‌ನಲ್ಲಿ ರಿಸೈನ್ ಹಾಕಿ, ಎರಡು ತಿಂಗಳ ಸಂಬಳ ಕೊಡ್ತೀವಿ. ಇಲ್ಲಾಂದ್ರೆ ಟರ್ಮಿನೇಟ್ ಆಗುತ್ತೆ, ಆಮೇಲೆ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಪತ್ರ) ಕಷ್ಟ" ಅಂದ್ರು. ಪೋರ್ಟಲ್ ತೆರೆದ್ರೆ ಕಾರಣ ಆರಿಸೋ ಜಾಗದಲ್ಲಿ ಒಳ್ಳೆ ಅವಕಾಶ, ಉನ್ನತ ವ್ಯಾಸಂಗ, ಮದುವೆ, ಆರೋಗ್ಯ ಅಂತೆಲ್ಲ ಇದೆ. 'ನೀವೇ ಹೋಗು ಅಂದ್ರಿ' ಅನ್ನೋದು ಮಾತ್ರ ಇಲ್ಲ!

ಐದು ವರ್ಷ ತುಂಬೋಕೆ ಎರಡು ತಿಂಗಳು ಬಾಕಿ. ಕೆಲಸ ಬಿಡುವಾಗ ಬರೋ ಇಡಿಗಂಟು, ಗ್ರಾಚ್ಯುಟಿ, ಹೋಗುತ್ತಾ?

ಅಪ್ಪ ಇಲ್ಲೇ ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಇದ್ದೋರು. 2016ರಲ್ಲಿ ಕೇಂದ್ರ ಸರ್ಕಾರ ಮುಚ್ಚೋಕೆ ಒಪ್ಪಿಗೆ ಕೊಟ್ಟಾಗ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡ್ರು. "ನಮಗೆ ಮುಚ್ಚೋವಾಗಲೂ ಕಾಗದ ಬಂತು, 2007ರ ವೇತನ ಶ್ರೇಣಿ ಹಿಡಿದು ಲೆಕ್ಕ ಹಾಕಿದ್ರು, ಕೇಳೋಕೆ ಯೂನಿಯನ್ ಇತ್ತು. ನಿನಗೆ ಬಾಯಲ್ಲೇ ಹೇಳಿ ಮುಗಿಸಿಬಿಟ್ರಾ?" ಅಂತಾರೆ. ಅವರ ಪ್ರಕಾರ ಐಟಿ ಅಂದ್ರೆ ಈಗಲೂ ಎಸಿ ರೂಮಿನ ಸುಖ. ಎಸಿ ಏನೋ ಇದೆ.

ಕ್ಯಾತ್ಸಂದ್ರ_ತಟ್ಟೆಇಡ್ಲಿ:
ಗುರೂ, ಆ ಬಟನ್ ಒತ್ತಬೇಡ. ನೀನಾಗೇ ಬಿಟ್ಟೆ ಅಂತ ದಾಖಲಾದ್ರೆ ಪರಿಹಾರದ ಮಾತೇ ಇಲ್ಲ. ಅವರೇ ತೆಗೆದ್ರೆ, ನೀನು ಮ್ಯಾನೇಜರ್ ದರ್ಜೆಯವನಲ್ಲದಿದ್ರೆ, ಒಂದು ತಿಂಗಳ ನೋಟಿಸು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೇಳಬಹುದು. ಹಳೇ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇದು ಇತ್ತು. ಗ್ರಾಚ್ಯುಟಿಗೆ ಐದನೇ ವರ್ಷದಲ್ಲಿ 240 ದಿನ ಕೆಲಸ ಆಗಿದ್ರೆ ಸಾಕು ಅಂತ ಮದ್ರಾಸ್ ಹೈಕೋರ್ಟ್ ಹೇಳಿದೆ. ಕಂಪನಿಗಳು ಸುಲಭಕ್ಕೆ ಒಪ್ಪಲ್ಲ, ಆದ್ರೂ ಕೇಳು. ಲ್ಯಾಪ್‌ಟಾಪ್ ಲಾಕ್ ಆಗೋ ಮುಂಚೆ ಪೇಸ್ಲಿಪ್, ತೆರಿಗೆ ಕಡಿತದ ಫಾರ್ಮ್ 16, ಆಫರ್ ಲೆಟರ್ ಇಳಿಸ್ಕೋ. ಕ್ಲೈಂಟ್ ಫೈಲ್ ಮಾತ್ರ ಮುಟ್ಟಬೇಡ, ಅದನ್ನೇ ನೆಪ ಮಾಡ್ತಾರೆ.

ಮಧುಗಿರಿ_ಮಂಜ:
ಕಾನೂನು ಸರಿ ಸ್ವಾಮಿ. ನಾನು ಹೋದ ವರ್ಷ ರಿಸೈನ್ ಹಾಕಿ ದುಡ್ಡು ತಗೊಂಡೆ, ಬೇಜಾರೇನಿಲ್ಲ. ಹೊಸ ಕಂಪನಿ ನಮ್ಮ ಹಿಂದಿನ ಕೆಲಸ ವಿಚಾರಿಸೋ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ 'ಟರ್ಮಿನೇಟೆಡ್' ಅಂತ ಬಂದ್ರೆ ಮುಂದಿನ ಎಚ್‌ಆರ್‌ಗೆ ಯಾರು ವಿವರಿಸ್ತಾ ಕೂರ್ತಾರೆ? ಇಎಂಐ ಕೋರ್ಟ್ ತಾರೀಖಿಗೆ ಕಾಯಲ್ಲ. ಆದ್ರೆ ಎರಡು ತಿಂಗಳಿಗೆ ತಲೆ ಆಡಿಸಬೇಡಿ. ಮೊದಲು ಹೇಳಿದ ರೇಟಿಗೆ ಸಂತೇಲೂ ಯಾರೂ ಕೊಡಲ್ಲ.

ಸಿರಾಗೇಟ್:
ಒಬ್ಬನೇ ಆಡಬೇಡ. ಟೀಮಲ್ಲಿ ಇನ್ಯಾರಿಗೆ ಇದೇ ಕಾಲ್ ಬಂದಿದೆ ವಿಚಾರಿಸು. 2017ರಿಂದ ಐಟಿಯವರದ್ದೇ ಯೂನಿಯನ್ ಇದೆ, ಕಿಟು ಅಂತ. ಅಲ್ಲಿ ಮಾತಾಡು. ಆಫೀಸು ಬೆಂಗಳೂರಲ್ಲಿದ್ರೆ ದೂರು ಕೊಡೋದೂ ಅಲ್ಲೇ, ಬನ್ನೇರುಘಟ್ಟ ರಸ್ತೆ ಕಾರ್ಮಿಕ ಭವನ. ತುಮಕೂರಿನ ಲೇಬರ್ ಆಫೀಸಿಗೆ ಅಲೆದು ರಜೆ ಹಾಳು ಮಾಡ್ಕೋಬೇಡ.

ತುಮಕೂರು_ಟೆಸ್ಟರ್:
ಬಟನ್ ಒತ್ತಿಲ್ಲ. "ನಾನಾಗೇ ಬಿಡ್ತಿಲ್ಲ, ತೆಗೆಯೋದಾದ್ರೆ ಕಾರಣ ಬರೆದು ಕಳಿಸಿ" ಅಂತ ಮೇಲ್ ಹಾಕಿದೆ. ಉತ್ತರ ಮೇಲಲ್ಲಿ ಬರ್ಲಿಲ್ಲ, ಫೋನ್ ಬಂತು. ಈಗ ಮೂರು ತಿಂಗಳಂತೆ! ಅದನ್ನೇ ಮೇಲಲ್ಲಿ ಹೇಳಿ ಅಂದೆ, "ನೋಡ್ತೀನಿ" ಅಂದು ಇಟ್ರು. ಟೀಮಲ್ಲಿ ಇನ್ನೂ ನಾಲ್ವರಿಗೆ ಇದೇ ಕಾಲ್ ಬಂದಿದೆ, ವಾಟ್ಸಾಪ್ ಗ್ರೂಪ್ ಮಾಡಿದ್ದೀವಿ. ಮಂಜಣ್ಣ, ನಿಮಗೆ ದುಡ್ಡು ಮೊದಲು ಬಂತಾ, ರಿಲೀವಿಂಗ್ ಲೆಟರ್ ಮೊದಲು ಬಂತಾ?