ಹೂಬಿಟ್ಟ ಆರ್ಕಿಡ್‌ಗೆ ಈಗಲೇ ಕುಂಡ ಬದಲಿಸಬೇಕೆ? ಕೊಡಗಿನವರ ಅನುಭವಗಳು

ವಿರಾಜಪೇಟೆಯಿಂದ ಬಂದ ಪ್ರಶ್ನೆ: ಮೇ ತಿಂಗಳಲ್ಲಿ ಮೈಸೂರಿನ ನರ್ಸರಿಯೊಂದರಿಂದ ನೇರಳೆ ಹೂವಿನ ಫೆಲನಾಪ್ಸಿಸ್ ಆರ್ಕಿಡ್ ತಂದಿದ್ದೇನೆ. ಪಾರದರ್ಶಕ ಪ್ಲಾಸ್ಟಿಕ್ ಕುಂಡದ ತುಂಬ ಸ್ಫ್ಯಾಗ್ನಂ ಪಾಚಿಯನ್ನು ಒತ್ತಿ ತುಂಬಿದ್ದಾರೆ. ಕೆಲವು ಬೇರುಗಳು ಹೊರಗೆ ಚಾಚಿವೆ. ಕೆಂಪು ಮಣ್ಣು, ಗೊಬ್ಬರ ಹಾಕಿ ದೊಡ್ಡ ಕುಂಡಕ್ಕೆ ನೆಡಬೇಕೆಂದು ಅತ್ತೆಯವರು ಹೇಳುತ್ತಾರೆ. ಹೂ ಉದುರೀತೆಂಬ ಭಯ ನನಗೆ. ಬೆಳೆಸಿದವರು ದಯವಿಟ್ಟು ತಿಳಿಸಿ.

ಮಡಿಕೇರಿಯಿಂದ: ಮಣ್ಣನ್ನು ಮಾತ್ರ ಹಾಕಬೇಡಿ. ನಮ್ಮ ತೋಟದ ಮರಗಳ ಮೇಲಿನ ಸೀತಾಳೆ ದಂಡೆಯ ಹಾಗೆ ಇದೂ ತೊಗಟೆಯನ್ನು ಹಿಡಿದು ಬದುಕುವ ಗಿಡವಾದ್ದರಿಂದ, ಬೇರಿಗೆ ನೀರಿನಷ್ಟೇ ಗಾಳಿಯೂ ಆಡಬೇಕು. ಹೊರಗೆ ಚಾಚಿದ ಬೇರುಗಳು ಸಹಜವಾದವು, ಅವನ್ನು ಕತ್ತರಿಸಬೇಡಿ.

ಹೂವಿರುವಾಗ ಕುಂಡ ಬದಲಿಸಬಾರದೆಂಬ ಮಾತು ಸರಿಯೇ, ಏಕೆಂದರೆ ಬೇರು ಕದಲಿದರೆ ಮೊದಲು ಉದುರುವುದು ಮೊಗ್ಗುಗಳು. ಆದರೆ ಆ ಮಾತನ್ನು ಹೇಳುವವರ ಊರಿನಲ್ಲಿ ನಮ್ಮಷ್ಟು ಮಳೆ ಇರುವುದಿಲ್ಲ. ಜೂನ್ ಹಿಡಿಯಿತೆಂದರೆ ಒತ್ತಿ ತುಂಬಿದ ಪಾಚಿ ಇಲ್ಲಿ ಸೆಪ್ಟೆಂಬರಿನವರೆಗೂ ಸರಿಯಾಗಿ ಒಣಗುವುದಿಲ್ಲ. ಆದ್ದರಿಂದ ಬೇರನ್ನು ನೋಡಿ ತೀರ್ಮಾನಿಸಿ. ಒಣಗಿದಾಗ ಬೆಳ್ಳಿಬಣ್ಣ, ನೀರು ಹನಿಸಿದಾಗ ಹಸಿರು ಆಗುವ, ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರುವ ಬೇರು ಆರೋಗ್ಯದ್ದು. ಕಂದುಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಕೈಗೆ ಬರುವ ಬೇರು ಸತ್ತಿದೆ. ಕುಂಡದ ಗೋಡೆಯ ಬಳಿ ಎಲ್ಲವೂ ಚೆನ್ನಾಗಿ ಕಂಡರೂ, ಸಸಿಯಾಗಿದ್ದಾಗಿನ ಹಳೆಯ ಪಾಚಿಯ ಮುದ್ದೆ ಬುಡದ ನಡುವೆ ಉಳಿದಿರುವುದುಂಟು. ಕೊಳೆ ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ಬೇರು ಗಟ್ಟಿಯಾಗಿದ್ದರೆ ಹೂ ಮುಗಿಯುವವರೆಗೆ ಕಾಯಿರಿ, ಗಿಡವನ್ನು ಮಳೆ ಎರಚದ ಜಗಲಿಯಲ್ಲಿಡಿ, ಅಲಂಕಾರದ ಹೊರಕುಂಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಬೇರು ಕೊಳೆತಿದ್ದರೆ ಹೂವಿನ ಆಸೆ ಬಿಟ್ಟು ಮಳೆಗೆ ಮುಂಚೆಯೇ ಬದಲಿಸಿ.

ಬದಲಿಸುವಾಗ ಪಾಚಿಯನ್ನು ನೆನೆಸಿ ಮೆಲ್ಲನೆ ಬಿಡಿಸಿ, ಸತ್ತ ಬೇರುಗಳನ್ನು ಬೆಂಕಿಗೆ ಹಿಡಿದು ಆರಿಸಿದ ಕತ್ತರಿಯಿಂದ ತೆಗೆಯಿರಿ. ಚಕ್ಕೆ (ದಾಲ್ಚಿನ್ನಿ) ಪುಡಿಯನ್ನು ಕತ್ತರಿಸಿದ ಗಾಯಕ್ಕಷ್ಟೇ ಹಚ್ಚಿ. ಒಳ್ಳೆಯ ಬೇರಿಗೆ ತಗುಲಿದರೆ ಅದನ್ನೂ ಒಣಗಿಸಿಬಿಡುತ್ತದೆ. ಕುಂಡಕ್ಕೆ ತುಂಬಲು ಮರದ ತೊಗಟೆಯ ಚೂರು ಸಿಗದಿದ್ದರೆ ತೆಂಗಿನ ಸಿಪ್ಪೆಯ ತುಂಡುಗಳನ್ನು ಹಲವು ಸಲ ನೀರು ಬದಲಿಸಿ ನೆನೆಸಿ, ಉಪ್ಪಿನಂಶ ಕಳೆದ ಮೇಲೆ ಇದ್ದಿಲಿನೊಂದಿಗೆ ಬೆರೆಸಿ ಬಳಸಬಹುದು. ಬೇರು ಹಿಡಿಸುವಷ್ಟು ಕುಂಡ ಸಾಕು, ದೊಡ್ಡದು ಬೇಡ. ನೆಟ್ಟ ಮೇಲೆ ಕೆಲವು ದಿನ ನೀರು ಹಾಕದೆ ನೆರಳಿನಲ್ಲಿಡಿ. ಹೊಸ ಬೇರಿನ ಹಸಿರು ತುದಿ ಕಾಣುವವರೆಗೆ ಗೊಬ್ಬರದ ಮಾತೇ ಬೇಡ.

ಈ ಗಿಡಕ್ಕೆ ಇರುವುದು ಒಂದೇ ಸುಳಿ. ಅದರಲ್ಲಿ ನೀರು ನಿಂತು ಕೊಳೆತರೆ ಗಿಡ ಉಳಿಯುವುದು ಕಷ್ಟ. ಬೆಳಿಗ್ಗೆ ನೀರು ಹಾಕಿ, ಸುಳಿಗೆ ಬಿದ್ದದ್ದನ್ನು ಹತ್ತಿಯಿಂದ ಒರೆಸಿ. ಕಾಫಿ, ಮೆಣಸಿಗೆಂದು ಕಲಸಿದ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಮಿಕ್ಕಿದೆಯೆಂದು ಇದಕ್ಕೂ ಸಿಂಪಡಿಸಬೇಡಿ. ಹಲವು ಆರ್ಕಿಡ್‌ಗಳಿಗೆ, ಅದರಲ್ಲೂ ಡೆಂಡ್ರೋಬಿಯಂ ಎಂಬ ಗುಂಪಿನವಕ್ಕೆ, ಆ ದ್ರಾವಣದ ತಾಮ್ರ ಆಗಿಬರುವುದಿಲ್ಲ.

ಕುಶಾಲನಗರದಿಂದ: ಮಡಿಕೇರಿಯವರ ಮಾತು ಮಡಿಕೇರಿಗೆ ಸರಿ. ಮಳೆ ಕಡಿಮೆಯಿರುವ ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಬರಿಯ ಸಿಪ್ಪೆ, ಇದ್ದಿಲಿನಲ್ಲಿಟ್ಟ ಬೇರು ಸುಕ್ಕುಗಟ್ಟುತ್ತದೆ. ಪಾಚಿಯನ್ನು ಸಡಿಲವಾಗಿ ಬೆರೆಸಿದರೆ ಗಿಡ ಸುಧಾರಿಸಿಕೊಳ್ಳುತ್ತದೆ. ಚಳಿಯ ಬಗ್ಗೆಯೂ ಒಂದು ಮಾತು. ರಾತ್ರಿಯ ಉಷ್ಣತೆ ಕೆಲವು ವಾರ 16ರಿಂದ 18 ಡಿಗ್ರಿಯಷ್ಟಿದ್ದರೆ ಫೆಲನಾಪ್ಸಿಸ್ ಹೊಸ ಹೂದಂಟನ್ನು ಹೊರಡಿಸುತ್ತದೆ, ಆದರೆ ಡಿಸೆಂಬರ್, ಜನವರಿಯಲ್ಲಿ 15ಕ್ಕಿಂತ ಕೆಳಗಿಳಿಯುವ ರಾತ್ರಿಗಳಲ್ಲಿ ಅದನ್ನು ಒಳಗೆ ತರುವುದೇ ಕ್ಷೇಮ. ಹೂ ಮುಗಿದ ದಂಟು ಹಸಿರಾಗಿದ್ದು ಗಿಡ ಬಲವಾಗಿದ್ದರೆ ಕೆಳಗಿನಿಂದ ಎರಡನೆಯ ಅಥವಾ ಮೂರನೆಯ ಗೆಣ್ಣಿನ ಮೇಲೆ ಕತ್ತರಿಸಿ, ಕವಲೊಡೆಯಬಹುದು; ಸೊರಗಿದ ಗಿಡವಾದರೆ ಬುಡದವರೆಗೆ ಕತ್ತರಿಸಿಬಿಡಿ.

ಪೊನ್ನಂಪೇಟೆಯಿಂದ: ಮೇಲಿನವರು ಹೇಳದೆ ಬಿಟ್ಟದ್ದೊಂದಿದೆ. ಬಾಳೆಗೊನೆಯನ್ನು ಹಣ್ಣಿಗೆ ತೂಗುಹಾಕಿದ ಕೋಣೆಯಲ್ಲಿ ಈ ಗಿಡವನ್ನು ಇಡಬೇಡಿ. ಹಣ್ಣಾಗುವ ಬಾಳೆ ಹೊರಬಿಡುವ ಎಥಿಲೀನ್ ಅನಿಲದಿಂದ ಮೊಗ್ಗುಗಳು ಹಳದಿಯಾಗಿ ಉದುರುತ್ತವೆ, ಅರಳಿದ ಹೂ ಬೇಗ ಮುದುಡುತ್ತದೆ. ಸೌದೆಯ ಹೊಗೆಯಲ್ಲಿಯೂ ಅದೇ ಅನಿಲವಿರುವುದರಿಂದ ಮಳೆಗಾಲದಲ್ಲಿ ಬೆಚ್ಚಗಿರಲೆಂದು ಒಲೆಯ ಪಕ್ಕಕ್ಕೆ ಸರಿಸುವುದೂ ಬೇಡ.