‘ಆಮದು ಪರ್ಯಾಯ’ ಅಂದ್ರೆ ಏನರ್ಥ ಬರುತ್ತೆ? ಬೇರೆ ಪದ ಇದ್ಯಾ?

ಎಲ್ರಿಗೂ ನಮಸ್ಕಾರ,

ಬಿಎ ಅರ್ಥಶಾಸ್ತ್ರದ ಮಕ್ಕಳಿಗೆ ಕನ್ನಡದಲ್ಲಿ ನೋಟ್ಸ್ ಬರೀತಿದೀನಿ, ಸ್ವಾತಂತ್ರ್ಯ ಬಂದ್ಮೇಲೆ ಬಡ ದೇಶಗಳು ಯಾವ್ಯಾವ ಆರ್ಥಿಕ ನೀತಿ ಹಿಡಿದ್ವು ಅನ್ನೋ ಪಾಠ. ಅದ್ರಲ್ಲಿ ಇಂಪೋರ್ಟ್ ಸಬ್‌ಸ್ಟಿಟ್ಯೂಷನ್ ಅನ್ನೋ ಮಾತು ಪುಟಪುಟಕ್ಕೂ ಬರುತ್ತೆ. ಕನ್ನಡದಲ್ಲಿ ‘ಆಮದು ಪರ್ಯಾಯ’, ‘ಆಮದು ಬದಲಿ’, ‘ಆಮದು ಪ್ರತಿಸ್ಥಾಪನೆ’ ಮೂರನ್ನೂ ನೋಡಿದೀನಿ. ಕ್ಲಾಸಲ್ಲಿ ‘ಆಮದು ಪರ್ಯಾಯ ಅಂದ್ರೇನು’ ಅಂತ ಕೇಳಿದ್ರೆ, ಒಂದು ದೇಶದಿಂದ ತರೋ ಬದ್ಲು ಇನ್ನೊಂದು ದೇಶದಿಂದ ತರೋದು ಅಂತ ಉತ್ರ ಬರುತ್ತೆ. ಮಕ್ಕಳ ತಪ್ಪಲ್ಲ ಅದು, ಆ ಪದ ಹಂಗೇ ಕೇಳ್ಸುತ್ತೆ. ಪ್ರತಿಸ್ಥಾಪನೆ ಅಂದ್ರಂತೂ ಗುಡೀಲಿ ವಿಗ್ರಹ ಕೂರ್ಸೋ ನೆನಪು ಬರುತ್ತೆ ಅಂತಾರೆ.

ವಿಷಯ ಏನಪ್ಪಾ ಅಂದ್ರೆ, ಹೊರಗಿಂದ ತರಿಸ್ತಿದ್ದ ಮಾಲನ್ನ ಸುಂಕ, ಕೋಟಾ, ಲೈಸೆನ್ಸು ಹಾಕಿ ತಡೆದು ಅದನ್ನ ನಮ್ಮಲ್ಲೇ ತಯಾರು ಮಾಡೋ ಹಂಗೆ ಮಾಡೋದು. ಕಾಫಿ, ತಾಮ್ರ, ಗೋಧಿ ಮಾರಿ ಯಂತ್ರ ಕೊಳ್ಳೋ ದೇಶ ಯಾವತ್ತೂ ಹಿಂದೇನೇ ಉಳಿಯುತ್ತೆ, ಯಾಕಂದ್ರೆ ಕಚ್ಚಾ ಮಾಲಿನ ಬೆಲೆ ಯಂತ್ರದ ಬೆಲೆಗೆ ಹೋಲಿಸಿದ್ರೆ ಕಾಲ ಕಳೆದಂಗೆ ಇಳೀತಾ ಹೋಗುತ್ತೆ ಅಂತ ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಷ್ 1949ರಲ್ಲಿ ವಾದ ಮಾಡಿದ್ರು. ಬ್ರೆಜಿಲ್, ಮೆಕ್ಸಿಕೋ, ಅರ್ಜೆಂಟೀನಾ ಎಲ್ಲಾ ಇದೇ ದಾರೀಲಿ ಹೋದ್ವು. ನಮ್ಮಲ್ಲಿ 1956ರಲ್ಲಿ ಶುರುವಾದ ಎರಡನೇ ಪಂಚವಾರ್ಷಿಕ ಯೋಜನೆಯ ಹಿಂದೆ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಇದ್ರು, ಅದೂ ಹೆಚ್ಚುಕಮ್ಮಿ ಇದೇ ದಾರಿ.

ನಮ್ಮ ಮಕ್ಕಳಿಗೆ ಇದನ್ನ ಹೇಳೋಕೆ ಬ್ರೆಜಿಲ್‌ಗೆ ಹೋಗೋದೇ ಬೇಡ. ಬೆಂಗಳೂರಿನ ಅರ್ಧ ಊರು ಈ ನೀತಿಯಿಂದ್ಲೇ ಬೆಳೆದಿದ್ದು. 1948ರಲ್ಲಿ ಫೋನು ಮಾಡೋ ಐಟಿಐ, 1953ರಲ್ಲಿ ಯಂತ್ರ ಮಾಡೋ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ ಸಾಮಾನು ಮಾಡೋ ಬಿಇಎಲ್, ಎಲ್ಲಾ ಸರ್ಕಾರಿ ಕಾರ್ಖಾನೆಗಳು. ಐಟಿಐ ಇರೋ ಜಾಗಕ್ಕೆ ದೂರವಾಣಿನಗರ ಅಂತ್ಲೇ ಹೆಸರು. ಎಲ್ರೂ ಫೋನು ಅಂತಾನೇ ಅನ್ನೋ ಕಾಲದಲ್ಲಿ ಆ ಪದ ಬಸ್ಸಿನ ಬೋರ್ಡಲ್ಲಿ ಇನ್ನೂ ಉಳ್ಕೊಂಡಿದೆ ಅನ್ನೋದು ನಂಗೆ ಬಹಳ ಖುಷಿ ಕೊಡೋ ಸಂಗತಿ.

ಈಗ ಪದದ ತೊಡಕಿಗೆ ಬರ್ತೀನಿ. ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜತೆ ಸೇರಿ ವಾಚು ಮಾಡೋಕೆ ಶುರು ಮಾಡಿದ್ರಲ್ಲ, ಆ ಕೀ ಕೊಡೋ ವಾಚು, ‘ಜನತಾ’ ಅಂತ ಬರ್ತಿತ್ತಲ್ಲ ಅದು, ಹೊರಗಿನ ವಾಚಿನ ಬದಲಿಗೆ ಬಂದ ವಸ್ತು. ಅದನ್ನ ‘ಆಮದು ಬದಲಿ’ ಅಂದ್ರೆ ಸರಿಯಾಗೇ ಇದೆ. ಆದ್ರೆ ಆ ವಾಚು ಇಲ್ಲಿ ಹುಟ್ಟೋ ಹಂಗೆ ಮಾಡಿದ ಸುಂಕ, ಲೈಸೆನ್ಸು, ಸರ್ಕಾರಿ ಬಂಡವಾಳ ಎಲ್ಲ ಸೇರಿದ ನೀತಿನೂ ‘ಆಮದು ಬದಲಿ’ನೇನಾ? ಇಂಗ್ಲಿಷಲ್ಲಿ ವಸ್ತುಗೊಂದು ಪದ, ಕ್ರಿಯೆಗೊಂದು ಪದ ಇದೆ, ನಾವು ಎರಡಕ್ಕೂ ಒಂದನ್ನೇ ಬಳಸ್ತಿದೀವಿ, ಅದಕ್ಕೇ ವಾಕ್ಯ ಮಧ್ಯದಲ್ಲಿ ಸಿಕ್ಕಾಕ್ಕೊಳ್ಳುತ್ತೆ. ‘ಬದಲೀಕರಣ’ ಅನ್ನೋಣ ಅಂದ್ರೆ ನಾಲಿಗೆಗೆ ಒಗ್ಗಲ್ಲ. ‘ಇಲ್ಲೇ ತಯಾರಿಕೆ ನೀತಿ’ ಅಂದ್ರೆ ಅರ್ಥ ಥಟ್ಟಂತ ಆಗುತ್ತೆ, ಆದ್ರೆ ಆಮದು ಅನ್ನೋ ಮಾತೇ ಬಿಟ್ಟೋಗುತ್ತೆ.

ಬಿಟ್ಟೋದ್ರೆ ನಷ್ಟ ಇದೆ, ಯಾಕಂದ್ರೆ ಈ ನೀತಿಯ ಕಷ್ಟ ಇರೋದೇ ಆಮದಿನಲ್ಲಿ. ವಾಚು ತರೋದು ನಿಂತ್ರೂ ವಾಚು ಮಾಡೋ ಯಂತ್ರ, ಬಿಡಿಭಾಗ, ವಿಶೇಷ ಉಕ್ಕು ಹೊರಗಿಂದ್ಲೇ ಬರ್ಬೇಕು. ಆಮದು ಕಮ್ಮಿ ಆಗೋ ಬದ್ಲು ಆಮದಿನ ಸ್ವರೂಪ ಬದಲಾಗುತ್ತೆ ಅಷ್ಟೆ. ಎರಡನೇ ಯೋಜನೆ ಶುರುವಾಗಿ ವರ್ಷ ಒಂದೆರಡು ಆಗೋಷ್ಟರಲ್ಲಿ ನಮ್ಮ ವಿದೇಶಿ ವಿನಿಮಯ ಬರಿದಾಗ್ತಾ ಬಂದು, 1958ರಲ್ಲಿ ವಿಶ್ವಬ್ಯಾಂಕು ಸಾಲ ಕೊಡೋ ದೇಶಗಳನ್ನೆಲ್ಲ ಒಟ್ಟುಗೂಡಿಸ್ಬೇಕಾಯ್ತು. ‘ಸ್ವಾವಲಂಬನೆ’ ಅಂತ ಅನುವಾದ ಮಾಡೋರಿಗೆ ನಾನು ಇದನ್ನೇ ಹೇಳೋದು. ಸ್ವಾವಲಂಬನೆ ಗುರಿ, ಇದು ದಾರಿ, ಎರಡನ್ನೂ ಒಂದೇ ಮಾಡಿದ್ರೆ ದಾರಿ ಗುರಿ ಮುಟ್ಟಿಸ್ತಾ ಅಂತ ಕೇಳೋಕೇ ಆಗಲ್ಲ.

ಸುಂಕ ಹಾಕಿ ನಮ್ಮ ಉದ್ದಿಮೆನ ಹೊರಗಿನ ಮಾಲಿನ ಪೈಪೋಟಿಯಿಂದ ಕಾಯೋದಕ್ಕೆ ಬಳಸೋ ಇನ್ನೊಂದು ಪದ ‘ಸಂರಕ್ಷಣಾ ನೀತಿ’. ಇದನ್ನ ಓದಿದ ತಕ್ಷಣ ಕಾಡು, ಹುಲಿ, ಸ್ಮಾರಕ ತಲೆಗೆ ಬರುತ್ತೆ. ಎಳೆಯ ಉದ್ದಿಮೆಗೆ ಸ್ವಲ್ಪ ಕಾಲ ಆಸರೆ ಕೊಟ್ಟು ಆಮೇಲೆ ತೆಗೀಬೇಕು ಅನ್ನೋ ತಿಳಿವು ‘ಸಂರಕ್ಷಣೆ’ಯಲ್ಲಿ ಇಲ್ಲವೇ ಇಲ್ಲ, ಕಾಡನ್ನ ಸಂರಕ್ಷಿಸೋದು ಯಾವಾಗ್ಲೂ ತಾನೇ. ನಾನು ‘ಸುಂಕದ ಬೇಲಿ’ ಅಂತ ಬಳಸೋಕೆ ಶುರು ಮಾಡಿದೀನಿ. ಸಸಿ ಎತ್ತರಕ್ಕೆ ಬಂದ್ಮೇಲೆ ಬೇಲಿ ಕೀಳ್ತೀವಿ ಅನ್ನೋದು ಹಳ್ಳಿ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ಬೇಲಿಯೇ ಎದ್ದು ಹೊಲ ಮೇಯೋದೂ ಗೊತ್ತು.

ದಕ್ಷಿಣ ಕೊರಿಯಾದ ಕತೆ ಹೇಳುವಾಗ ಈ ಪದ ಬಹಳ ಕೆಲಸಕ್ಕೆ ಬಂತು. ಅವರೂ ಬೇಲಿ ಹಾಕಿದ್ರು, ಹೊರಗಿನ ಕಾರಿಗೆ 1980ರ ದಶಕದ ಕೊನೆವರೆಗೂ ಬಾಗಿಲು ಮುಚ್ಚೇ ಇತ್ತು, ಆದ್ರೆ ಬೇಲಿ ಒಳಗಿರೋನು ಹೊರಗೆ ಮಾರಿ ತೋರಿಸ್ಬೇಕು ಅಂತ ಷರತ್ತಿತ್ತು. ಅಧ್ಯಕ್ಷ ಪಾರ್ಕ್ ಚುಂಗ್ ಹೀ ತಾವೇ ಕೂತು ತಿಂಗ್ಳು ತಿಂಗ್ಳೂ ರಫ್ತಿನ ಲೆಕ್ಕ ಕೇಳ್ತಿದ್ರು. 1964ರಲ್ಲಿ 10 ಕೋಟಿ ಡಾಲರ್ ಮುಟ್ಟಿದ ರಫ್ತು 1977ಕ್ಕೆ 1,000 ಕೋಟಿ ಡಾಲರ್ ಆಯ್ತು. ಹ್ಯುಂಡೈ ಪೋನಿ ಕಾರು ಹುಟ್ಟಿದ ಮಾರನೇ ವರ್ಷ, ಅಂದ್ರೆ 1976ರಲ್ಲೇ, ಈಕ್ವೆಡಾರ್‌ಗೆ ಹಡಗು ಹತ್ತಿತ್ತು. ನಮ್ಮ ಅಂಬಾಸಿಡರ್ ಕಾರಿಗೆ ಅಂಥ ಪರೀಕ್ಷೆ ಯಾರೂ ಇಡ್ಲಿಲ್ಲ. ಅದಕ್ಕೇ ‘ಆಮದು ಬದಲಿ’ ಮತ್ತು ‘ರಫ್ತು ಆಧಾರಿತ’ ಅಂತ ಎರಡು ಕಾಲಂ ಮಾಡಿ ಭಾರತವನ್ನ ಒಂದರಲ್ಲಿ ಕೊರಿಯಾವನ್ನ ಇನ್ನೊಂದರಲ್ಲಿ ಹಾಕೋ ಗೈಡುಗಳನ್ನ ನಾನು ಒಪ್ಪಲ್ಲ. ಕೊರಿಯಾ ಎರಡನ್ನೂ ಒಟ್ಟೊಟ್ಟಿಗೆ ಮಾಡಿತ್ತು.

ಸದ್ಯಕ್ಕೆ ವಸ್ತುವಿಗೆ ‘ಆಮದು ಬದಲಿ’, ನೀತಿಗೆ ‘ಆಮದು ತಗ್ಗಿಸಿ ಇಲ್ಲೇ ತಯಾರಿಸೋ ನೀತಿ’ ಅಂತ ಬಿಡಿಸಿ ಬರೀತಿದೀನಿ, ಉದ್ದ ಆದ್ರೂ ಪರವಾಗಿಲ್ಲ ಅಂತ. ಇದಕ್ಕಿಂತ ಗಿಡ್ಡ ಪದ ಯಾರಿಗಾದ್ರೂ ಹೊಳೆದ್ರೆ ತಿಳಿಸಿ. ಹಂಗೇ, ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ನಲ್ಲಿ ದುಡಿದೋರು ಅಥವಾ ಅವರ ಮಕ್ಕಳು ಇಲ್ಲಿದ್ರೆ ಒಂದು ಕೇಳ್ಬೇಕು. ಹೊರಗಿಂದ ಬರ್ತಿದ್ದ ಬಿಡಿಭಾಗವನ್ನ ಇಲ್ಲೇ ಮಾಡೋಕೆ ಶುರು ಮಾಡಿದಾಗ ಕಚೇರಿ ಕಾಗದದಲ್ಲಿ ‘ದೇಶೀಕರಣ’ ಅಂತ ಇರುತ್ತೆ ಸರಿ, ಶಾಪ್ ಫ್ಲೋರಲ್ಲಿ ಕೆಲಸಗಾರರು ತಮ್ತಮ್ಮಲ್ಲಿ ಮಾತಾಡುವಾಗ ಅದಕ್ಕೆ ಏನಂತಿದ್ರು?